ಟಾಟಾ-ಮಹೀಂದ್ರಾನೋ, ಜಪಾನು-ಕೊರಿಯಾದ್ದೋ? ನಮ್ಮ ಮೆಕ್ಯಾನಿಕ್ ಅಣ್ಣನ ಜೊತೆ ಪ್ರಶ್ನೋತ್ತರ

ಪ್ರಶ್ನೆ (ಕಾಸರಗೋಡಿನ ಪೆರ್ಲದಿಂದ): ಅಣ್ಣಾ, ನಮಸ್ಕಾರ. ಹಳೇ ಆಲ್ಟೋ ಕೊಟ್ಟು ಹೊಸ ಕಾರು ತೆಗೆಯುವ ಅಂತ ಇದ್ದೇವೆ, ಹತ್ತು ಹನ್ನೊಂದು ಲಕ್ಷದ ಒಳಗೆ. ಅಪ್ಪನಿಗೆ ನಮ್ಮ ದೇಶದ್ದೇ ಆಗಬೇಕು, ಟಾಟಾ ಇಲ್ಲ ಮಹೀಂದ್ರಾ, ಬೇರೆ ಮಾತೇ ಇಲ್ಲ. ಭಾವ ಅಬುಧಾಬಿಯಲ್ಲಿರುವುದು. ಜಪಾನಿನದ್ದು ತೆಗೆ, ಹತ್ತು ವರ್ಷ ಬಾನೆಟ್ಟು ತೆರೆಯಬೇಕಾಗಿಲ್ಲ ಅನ್ನುತ್ತಾನೆ. ಮನೆಗೆ ಒಂದು ಕಿಲೋಮೀಟರು ಮಣ್ಣಿನ ದಾರಿ, ಕೊನೆಗೆ ಒಳ್ಳೆ ಚಡಾವು. ಯಾವುದು ತೆಗೆಯಲಿ?

ಉತ್ತರ: ಹತ್ತು ವರ್ಷ ಬಾನೆಟ್ಟು ತೆರೆಯದೆ ಓಡುವ ಕಾರು ಇದ್ದಿದ್ದರೆ ನಾನು ಗ್ಯಾರೇಜು ಮುಚ್ಚಿ ಅಡಿಕೆ ಸುಲಿಯಲು ಹೋಗುತ್ತಿದ್ದೆ ಮಾರಾಯ್ರೆ.

ಮೊದಲು ಅಪ್ಪನ ಹತ್ತಿರ ಒಂದು ಕೇಳಿ, ಅವರು ಇಷ್ಟು ವರ್ಷ ಓಡಿಸಿದ ಆಲ್ಟೋ ಯಾವ ದೇಶದ್ದು ಅಂತ. 1983ರಲ್ಲಿ ಮಾರುತಿ 800 ಬಂದಾಗ ಮಾರುತಿ ಸರ್ಕಾರದ ಕಂಪನಿ, ಈಗ ಅರ್ಧಕ್ಕಿಂತ ಜಾಸ್ತಿ ಪಾಲು ಜಪಾನಿನ ಸುಜುಕಿಯದ್ದು. ಟೊಯೋಟಾದ ಫ್ಯಾಕ್ಟರಿ ಬಿಡದಿಯಲ್ಲಿ. ಕೊರಿಯಾದ ಕಿಯಾ ತಯಾರಾಗುವುದು ಆಂಧ್ರದ ಪೆನುಕೊಂಡದಲ್ಲಿ, ನಮ್ಮ ಹಾಗೆ ಗಡಿ ಊರು ಅದು, ಹಿಂದೂಪುರದ ಹತ್ತಿರ. ಟೊಯೋಟಾದ ಗ್ಲಾಂಜಾ ಅಂತ ತೆಗೆದರೆ ಅದು ಮಾರುತಿಯ ಬಲೆನೋನೇ, ಮುಂದಿನ ಬ್ಯಾಡ್ಜು ಬೇರೆ. ಅತ್ತ ಲಂಡನ್ನಿನ ಸಾಹೇಬರು ಓಡಿಸುವ ಜಾಗ್ವಾರ್ 2008ರಿಂದ ಟಾಟಾದವರದ್ದು. ಹಾಗಾಗಿ ನಮ್ಮದು, ಹೊರಗಿನದ್ದು ಅಂತ ಗೆರೆ ಎಳೆಯುವುದು ಅಷ್ಟು ಸುಲಭ ಅಲ್ಲ.

ನಿಮ್ಮ ವಿಷಯದಲ್ಲಿ ಕಾರು ಆರಿಸಬೇಕಾದ್ದು ಆ ಚಡಾವು. ಮಳೆಗಾಲದಲ್ಲಿ ಟಯರು ಹೋಗುವ ಎರಡು ಗೆರೆ ಮಾತ್ರ ತಗ್ಗಾಗುತ್ತದೆ, ನಡುವೆ ಕೆಂಪುಮಣ್ಣಿನ ದಿಬ್ಬ ಎದ್ದು ನಿಲ್ಲುತ್ತದೆ, ಅಲ್ವಾ? ಸ್ವಿಫ್ಟಿನ ಹೊಟ್ಟೆ ನೆಲದಿಂದ 163 ಮಿಲಿಮೀಟರು, ಟಾಟಾದ ನೆಕ್ಸಾನಿನದ್ದು 208. ಐದು ಜನ ಕೂತು ಹಿಂದೆ ಒಂದು ಮೂಟೆ ಇಟ್ಟರೆ ಅದೂ ಇಳಿಯುತ್ತದೆ. ಸೈಲೆನ್ಸರು ದಿಬ್ಬಕ್ಕೆ ಉಜ್ಜಿಸಿಕೊಂಡು ಬಂದ ಕಾರು ಜೂನ್ ಕಳೆದರೆ ನನ್ನಲ್ಲಿಗೆ ವಾರಕ್ಕೆ ಒಂದಾದರೂ ಬರುತ್ತದೆ, ಎಲ್ಲಾ ದೇಶದ್ದೂ.

ಎಂಜಿನ್ನೂ ನೋಡಿ. ಈಗ ಬರುವ ಸಣ್ಣ ಟರ್ಬೋ ಪೆಟ್ರೋಲಿಗೆ ಹೈವೇಯಲ್ಲಿ ಒಳ್ಳೆ ಓಟ, ಆದರೆ ಎಂಜಿನ್ ನಿಧಾನ ತಿರುಗುವಾಗ ಎಳೆತ ಕಡಿಮೆ, ಚಡಾವಿನಲ್ಲಿ ಅರ್ಧ ಕ್ಲಚ್ಚಿನಲ್ಲೇ ಹತ್ತಿಸುತ್ತೀರಿ, ಸುಟ್ಟ ವಾಸನೆ ಮನೆ ಅಂಗಳದವರೆಗೂ ಬರುತ್ತದೆ. ಎಳೆತಕ್ಕೆ ಡೀಸೆಲ್ ಒಳ್ಳೆಯದು. ಆದರೆ ದಿನಾ ಪೆರ್ಲ ಪೇಟೆಗೆ ಹೋಗಿ ಬರುವುದು ಮಾತ್ರ ಆದರೆ ಬೇಡ. ಹೊಗೆಯ ಮಸಿ ಹಿಡಿಯುವ ಫಿಲ್ಟರು ಬಿಸಿಯಾಗಲು ಅಷ್ಟು ಓಟ ಸಾಲದು, ಕಟ್ಟಿಕೊಂಡು ಲೈಟು ಉರಿಯುತ್ತದೆ. ಅದಕ್ಕಾಗಿ ಸುಮ್ನೆ ಮಂಗಳೂರಿಗೆ ಒಂದು ರೌಂಡು ಹೊಡೆಯುವವರು ನಮ್ಮಲ್ಲಿ ಇದ್ದಾರೆ.

ಅದೇ ಪ್ರಶ್ನೆ ಕೇಳಿದವರು: ಅಪ್ಪ ಇದನ್ನು ಓದಿದರು. ಫ್ಯಾಕ್ಟರಿ ಎಲ್ಲಿದ್ದರೇನು, ಲಾಭ ಹೊರಗೆ ಹೋಗುತ್ತದಲ್ಲ ಅಂತಾರೆ.

ಉತ್ತರ: ಅದು ಸರಿ, ಸುಳ್ಳಲ್ಲ. ಕೆಲಸ ಇಲ್ಲಿಯವರಿಗೆ, ಲಾಭದ ದೊಡ್ಡ ಪಾಲು ಅಲ್ಲಿಗೆ. ಅಪ್ಪನಿಗೆ ಅದು ಮುಖ್ಯ ಆದರೆ ಟಾಟಾ, ಮಹೀಂದ್ರಾ ತೆಗೆಯುವುದರಲ್ಲಿ ಈಗ ನಷ್ಟ ಏನೂ ಇಲ್ಲ. ಟಾಟಾದ ಹಳೇ ಇಂಡಿಕಾ ಕಾಲದ ಮಾತು ಬಿಟ್ಟುಬಿಡಿ. 2018ರಲ್ಲಿ ಗ್ಲೋಬಲ್ ಎನ್‌ಕ್ಯಾಪ್ ಡಿಕ್ಕಿ ಪರೀಕ್ಷೆಯಲ್ಲಿ ಐದು ನಕ್ಷತ್ರ ಪಡೆದ ಮೊದಲ ಭಾರತದ ಕಾರು ನೆಕ್ಸಾನೇ. ಆದರೆ ಡಬ್ಬಿ ಅಂತ ಎಲ್ಲರೂ ತಮಾಷೆ ಮಾಡುತ್ತಿದ್ದ ಮಾರುತಿಯವರ ಡಿಸೈರ್‌ಗೂ 2024ರಲ್ಲಿ ಐದು ಬಂತು. ಕಂಪನಿ ನೋಡಬೇಡಿ, ಆ ಮಾಡೆಲಿನ ಅಂಕ ನೋಡಿ.

ಪ್ರಶ್ನೆ (ಉಪ್ಪಳದಿಂದ): ನಾನು ದುಬೈ ಬಿಟ್ಟು ಊರಿಗೆ ಬರುವವನು. ಅಲ್ಲಿಯ ನನ್ನ ಕಾರನ್ನೇ ತರಬಹುದಾ?

ಉತ್ತರ: ಮಾರಿ ಬನ್ನಿ. ಅದರ ಸ್ಟಿಯರಿಂಗು ಎಡಕ್ಕೆ, ಇಲ್ಲಿ ರಿಜಿಸ್ಟ್ರೇಷನ್ ಆಗುವುದಿಲ್ಲ. ಬಲಗಡೆ ಸ್ಟಿಯರಿಂಗಿನ ಕಾರು ತಂದರೂ ಸುಂಕವೇ ಇನ್ನೊಂದು ಕಾರಿನಷ್ಟು ಆಗುತ್ತದೆ.

ಪ್ರಶ್ನೆ (ಕುಂಬಳೆಯಿಂದ): ಮಂಗಳೂರಿನಲ್ಲಿ ಸೆಕೆಂಡ್‌ಹ್ಯಾಂಡ್ ಜರ್ಮನ್ ಕಾರು ನೋಡಿದೆ, ಒಂಬತ್ತು ವರ್ಷದ್ದು, ಹೊಸ ಆಲ್ಟೋದ ರೇಟಿಗೆ ಸಿಗುತ್ತದೆ. ಬಿಡುವುದಾ?

ಉತ್ತರ: ರೇಟಿನ ಮೇಲೆ ಕೇರಳದ ರೋಡ್ ಟ್ಯಾಕ್ಸು ಸೇರಿಸಿ ನೋಡಿದ್ದೀರಾ? ಕೆಎ 19 ನಂಬರಿಟ್ಟು ತಲಪಾಡಿ ದಾಟಿ ಬಂದು ಇಲ್ಲೇ ಇಟ್ಟುಕೊಂಡರೆ 12 ತಿಂಗಳೊಳಗೆ ನಂಬರು ಬದಲಿಸಬೇಕು. ಅಲ್ಲಿಯ ಆರ್‌ಟಿಒದಿಂದ ಎನ್‌ಒಸಿ, ಅಂದರೆ ಅಡ್ಡಿಯಿಲ್ಲ ಅನ್ನುವ ಪತ್ರ, ತರಬೇಕು, ಕೆಎಲ್ 14 ಆಗುವವರೆಗೆ ಓಡಾಟ.

ಕಾರನ್ನು ಲಿಫ್ಟಿಗೆ ಹಾಕಿಸದೆ ಅಡ್ವಾನ್ಸು ಕೊಡಬೇಡಿ. ಕಡಲ ಕರೆಯಲ್ಲಿ ನಿಂತ ಗಾಡಿ ಮೇಲಿನಿಂದ ಕನ್ನಡಿಯ ಹಾಗೆ ಹೊಳೆಯುತ್ತದೆ. ಮೊನ್ನೆ ಒಂದರ ಅಡಿಯಲ್ಲಿ ಜ್ಯಾಕು ಕೊಡುವ ಜಾಗಕ್ಕೆ ಸ್ಕ್ರೂಡ್ರೈವರಿನ ತುದಿ ಒತ್ತಿದೆ, ಹಪ್ಪಳದ ಹಾಗೆ ಮುರಿದು ತುಕ್ಕು ನನ್ನ ಮುಖದ ಮೇಲೆ ಬಿತ್ತು. ಬಾಗಿಲಿನ ಅಡಿಯಲ್ಲಿ ನೀರು ಹೋಗಲು ಸಣ್ಣ ತೂತು ಇರುತ್ತದೆ, ಅದು ಕಟ್ಟಿದೆಯಾ ನೋಡಿ, ಮ್ಯಾಟು ಎತ್ತಿ ಮೂಸಿ.

ಇನ್ನೊಂದು, ಸ್ಪೇರು. ಶೆವ್ರೊಲೆ 2017ರಲ್ಲಿ ಇಲ್ಲಿ ಮಾರುವುದು ನಿಲ್ಲಿಸಿತು, ಫೋರ್ಡು 2021ರಲ್ಲಿ ಇಲ್ಲಿ ಕಾರು ಮಾಡುವುದು ನಿಲ್ಲಿಸುತ್ತೇವೆ ಅಂದಿತು. ಅಂಗಡಿ ಮುಚ್ಚಿದ ಕಂಪನಿಯ ಒಂದು ಕಾರಿಗೆ, ಹೆಸರು ಬೇಡ, ಹಿಂದಿನ ಲೈಟಿಗಾಗಿ ನಾವು ಎರಡು ತಿಂಗಳು ಕಾದೆವು. ಕಾರು ಅಷ್ಟು ದಿನ ನನ್ನ ಶೆಡ್ಡಿನಲ್ಲಿ, ಮೇಲೆ ಕೋಳಿ ಮೊಟ್ಟೆ ಇಟ್ಟಿತ್ತು. ನಿಮ್ಮ ಜರ್ಮನ್ ಕಾರಿಗೆ ಸ್ಪೇರು ಸಿಗುತ್ತದೆ, ಆದರೆ ಆಟೋಮ್ಯಾಟಿಕ್ ಆಗಿದ್ದರೆ ಗೇರ್‌ಬಾಕ್ಸಿನ ರಿಪೇರಿಗೆ ಏನು ಅಂತ ವಿಚಾರಿಸಿ ಆಮೇಲೆ ಮಾತಾಡುವ.

ಪೆರ್ಲದವರೇ, ಟೆಸ್ಟ್ ಡ್ರೈವಿಗೆ ಕಾರು ಮನೆಗೇ ತನ್ನಿ ಅಂತ ಶೋರೂಮಿಗೆ ಹೇಳಿ, ತರುತ್ತಾರೆ. ಮನೆಯವರನ್ನೆಲ್ಲ ಕೂರಿಸಿ ಚಡಾವಿನ ನಡುವೆ ನಿಲ್ಲಿಸಿ, ಅಲ್ಲಿಂದ ಹೊರಡಿಸಿ. ಅಪ್ಪನಿಗೆ ಮುಂದಿನ ಸೀಟು. ಅವರಿಗೆ ಹತ್ತಿ ಇಳಿಯಲು ಕಷ್ಟವಾಗುವ ಕಾರಾದರೆ ಟಾಟಾ ಆದರೂ ಬೈಯುತ್ತಾರೆ.