ನೆಟ್‌ವರ್ಕ್ ಇಲ್ಲದ ಊರಿನ ಆಶಾ ಕಾರ್ಯಕರ್ತೆಯರಿಗೆ ಆ್ಯಪ್: ಯಾವ ಓಪನ್ ಸೋರ್ಸ್ ಫ್ರೇಮ್‌ವರ್ಕ್ ಹಿಡಿಯಲಿ?

ಮಲೆನಾಡ_ಮಳೆ:
ನಮ್ಮ ಚಿಕ್ಕಮ್ಮ ಹೊಸನಗರದ ಕಡೆ ಆಶಾ ಕಾರ್ಯಕರ್ತೆ. ಬಸುರಿಯರ ವಿವರವನ್ನೆಲ್ಲ ಒಂದು ಉದ್ದನೆ ನೋಟ್‌ಬುಕ್ಕಿನಲ್ಲಿ ಬರೆಯುತ್ತಾರೆ. ಹೋದ ಮಳೆಗಾಲದಲ್ಲಿ ಅದು ನೆನೆದು ನಾಲ್ಕು ಹಾಳೆ ಅಂಟಿಕೊಂಡವು. ಅವರಿಗೂ ಜೊತೆಯ ಐದು ಜನರಿಗೂ ಆ್ಯಪ್ ಮಾಡಿಕೊಡುವ ಆಸೆ. ನನಗೆ ಜಾವಾಸ್ಕ್ರಿಪ್ಟ್ ಬರುತ್ತದೆ. ಸಿಗ್ನಲ್ ಸಿಗುವುದು ಗುಡ್ಡದ ಮೇಲಿನ ಬಸ್ ಸ್ಟಾಪಿನಲ್ಲಿ ಮಾತ್ರ. ಮೊದಲಿಂದ ನಾನೇ ಬರೆಯಲಾ? ರೋಗಿಗಳ ದಾಖಲೆ ಇಡುವ ಓಪನ್ ಸೋರ್ಸ್ ತಂತ್ರಾಂಶ ಓಪನ್‌ಎಂಆರ್‌ಎಸ್ ನೋಡಿದೆ, ತುಂಬಾ ದೊಡ್ಡದು ಅನ್ನಿಸಿತು.

ಸಿಂಕ್_ರಾಯರು:
ದಯವಿಟ್ಟು ಮೊದಲಿಂದ ಬರೆಯಬೇಡಿ. ನಾನು ಬರೆದು ನೋಡಿದ್ದೇನೆ. ಫಾರ್ಮ್‌ಗಳು ವಾರದಲ್ಲಿ ಮುಗಿದವು, ಸಿಂಕ್‌ಗೆ, ಅಂದರೆ ಫೋನ್‌ಗಳ ಮತ್ತು ಸರ್ವರಿನ ದಾಖಲೆ ಒಂದೇ ಆಗುವಂತೆ ಮಾಡುವುದಕ್ಕೆ, ಎಂಟು ತಿಂಗಳು ಹಿಡಿಯಿತು. ಆಮೇಲೂ ಒಬ್ಬ ತಾಯಿಯ ದಾಖಲೆಯನ್ನು ಆಶಾ ಮತ್ತು ನರ್ಸ್ ಇಬ್ಬರೂ ಒಂದೇ ದಿನ ತಿದ್ದಿದಾಗ ನರ್ಸ್ ಬರೆದ ಬಿಪಿ ಅಳಿಸಿಹೋಯಿತು. 150/100 ಇತ್ತು, ಅಂದರೆ ಜಾಸ್ತಿ. ನರ್ಸಿಗೆ ನೆನಪಿದ್ದಿದ್ದರಿಂದ ಆ ತಾಯಿ ಸಮಯಕ್ಕೆ ಆಸ್ಪತ್ರೆ ಸೇರಿದರು.

ಓಪನ್‌ಎಂಆರ್‌ಎಸ್, ಅದರ ಮೇಲೆ ಕಟ್ಟಿದ ಬಾಹ್ಮನಿ ಎರಡೂ ಆಸ್ಪತ್ರೆಯ ಒಳಗಿನ ಕೆಲಸಕ್ಕೆ. ಬಾಹ್ಮನಿ ಹುಟ್ಟಿದ್ದೇ ಛತ್ತೀಸಗಢದ ಗನಿಯಾರಿಯ ಆಸ್ಪತ್ರೆಗಾಗಿ. ಮನೆ ಮನೆ ಸುತ್ತುವವರಿಗೆ ಬೆಂಗಳೂರಿನ ಸಮನ್ವಯ ಫೌಂಡೇಶನ್ನಿನ ಅವ್ನಿ, ಇಲ್ಲವೇ ಕಮ್ಯುನಿಟಿ ಹೆಲ್ತ್ ಟೂಲ್‌ಕಿಟ್ ನೋಡಿ. ಎರಡೂ ನೆಟ್ ಇಲ್ಲದೆಯೂ ನಡೆಯುವ ಆ್ಯಪ್ ಕಟ್ಟಲು ಇರುವ ಓಪನ್ ಸೋರ್ಸ್ ಫ್ರೇಮ್‌ವರ್ಕ್‌ಗಳು. ನಾನು ಬಳಸುವುದು ಟೂಲ್‌ಕಿಟ್. ದಾಖಲೆ ಇಡುವ ಡೇಟಾಬೇಸ್ ಫೋನಿನಲ್ಲಿ ಪೌಚ್‌ಡಿಬಿ, ಸರ್ವರಿನಲ್ಲಿ ಕೌಚ್‌ಡಿಬಿ. ಇಬ್ಬರು ತಿದ್ದಿದರೆ ಒಂದು ಪ್ರತಿ ಮುಂದೆ ಕಾಣುತ್ತದೆ, ಇನ್ನೊಂದು ಅಳಿಯದೆ ಉಳಿದಿರುತ್ತದೆ. ಹುಡುಕಿ ತೆಗೆಯಬಹುದು. ಫಾರ್ಮ್‌ಗಳನ್ನು ಎಕ್ಸೆಲ್ ಹಾಳೆಯಲ್ಲೇ ಬರೆಯುತ್ತೀರಿ, ಕನ್ನಡಕ್ಕೆ ಒಂದು ಕಾಲಂ ಸೇರಿಸಿದರೆ ಆಯಿತು.

ಗಿರಿಜಕ್ಕ:
ಪ್ರಶ್ನೆಗಳನ್ನು ತಾಯಿ ಕಾರ್ಡಿನ ಕ್ರಮದಲ್ಲೇ ಇಡಮ್ಮ, ಆಶಾಗಳ ಕೈಗೆ ಅದು ರೂಢಿ. ನಾವು ಕೊನೆಯ ಮುಟ್ಟಿನ ದಿನಕ್ಕೆ ಕ್ಯಾಲೆಂಡರ್ ಇಟ್ಟಿದ್ದೆವು. ಹಳ್ಳಿಯಲ್ಲಿ ಬಂದ ಉತ್ತರ, "ಯುಗಾದಿ ಆಗಿ ಮೂರು ದಿನಕ್ಕೆ ಅಕ್ಕಾ." ಆಶಾ ಅಂದಾಜಿಗೆ ಒಂದು ತಾರೀಕು ಒತ್ತುತ್ತಿದ್ದರು. ಆಮೇಲೆ ಹಬ್ಬಗಳ ಪಟ್ಟಿ ಕೊಟ್ಟೆವು: ಯಾವ ಹಬ್ಬ, ಎಷ್ಟು ದಿನ ಹಿಂದೆ ಅಥವಾ ಮುಂದೆ. ಆ ದಿನಕ್ಕೆ 280 ದಿನ ಸೇರಿಸಿ ಹೆರಿಗೆಯ ತಾರೀಕನ್ನು ಫಾರ್ಮೇ ತೋರಿಸುತ್ತದೆ.

ಮಲೆನಾಡ_ಮಳೆ:
ಹಬ್ಬದ ಮಾತು ಕೇಳಿ ಚಿಕ್ಕಮ್ಮ, "ನಮ್ಮಲ್ಲಿ ಭೂಮಿ ಹುಣ್ಣಿಮೆನೂ ಹಾಕು" ಅಂದರು! ಬಸ್ ಕಾಯುವಷ್ಟು ಹೊತ್ತಿನಲ್ಲಿ ಸಿಂಕ್ ಆಗುತ್ತದಾ ರಾಯರೇ?

ಸಿಂಕ್_ರಾಯರು:
ಮೊದಲ ಸಲ ಎಲ್ಲವೂ ಫೋನಿಗೆ ಇಳಿಯಬೇಕು. ಅದನ್ನು ಒಳ್ಳೆ ನೆಟ್ ಇರುವಲ್ಲಿ ಕೂತು ನೀವೇ ಮಾಡಿಕೊಡಿ. ಆಮೇಲೆ ಬದಲಾದದ್ದಷ್ಟೇ ಹೋಗಿ ಬರುತ್ತದೆ, ಹತ್ತು ನಿಮಿಷ ಬೇಕಾದಷ್ಟಾಯಿತು. ಪಿಎಚ್‌ಸಿ ಡಾಕ್ಟರರ ಒಪ್ಪಿಗೆ ಸಿಗುವವರೆಗೆ ತಾಯಂದಿರ ನಿಜವಾದ ಹೆಸರು ಹಾಕಬೇಡಿ.