ಅಮ್ಮನ ಅಗಲಿಕೆಯನ್ನು ಅಚ್ಚಿನಲ್ಲಿ ಹೇಳುವುದು ಹೇಗೆ?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ಅಮ್ಮ ತೀರಿಕೊಂಡು ಎಂಟು ತಿಂಗಳಾಯಿತು. ದುಃಖವನ್ನು ಬರೆದು ಹಗುರಾಗುವುದು ನನಗೆ ಬರುವುದಿಲ್ಲವಾದ್ದರಿಂದ, ಕಾಲೇಜಿನ ದಿನಗಳಲ್ಲಿ ಕಲಿತಿದ್ದ ಲಿನೋಕಟ್ಟನ್ನು (ಲಿನೋಲಿಯಂ ಹಾಳೆಯನ್ನು ಉಳಿಯಿಂದ ಕೆತ್ತಿ ಅಚ್ಚು ತೆಗೆಯುವ ಕಲೆ) ಮತ್ತೆ ಕೈಗೆತ್ತಿಕೊಂಡು, ಫೋಟೊ ನೋಡಿ ಅವರ ಮುಖವನ್ನು ಕೆತ್ತಿದೆ. ಹೋಲಿಕೆ ಚೆನ್ನಾಗಿಯೇ ಬಂದಿದೆ. ಆದರೆ ಅಚ್ಚು ತೆಗೆದು ನೋಡಿದಾಗ ಪತ್ರಿಕೆಯ ಶ್ರದ್ಧಾಂಜಲಿ ಅಂಕಣದ ಚಿತ್ರದಂತೆ ಕಂಡಿತೇ ಹೊರತು ನನ್ನ ಮನಸ್ಸಿನಲ್ಲಿರುವುದು ಅದರಲ್ಲಿ ಎಲ್ಲಿಯೂ ಇರಲಿಲ್ಲ. ಮನೆಯಲ್ಲಿ ಪ್ರೆಸ್ ಇಲ್ಲ. ಒಂದು ರೋಲರ್, ಎರಡು ಉಳಿ, ಎಣ್ಣೆ ಆಧಾರಿತ ಕಪ್ಪು ಶಾಯಿ ಇವೆ. ಇಷ್ಟರಲ್ಲಿ ಬೇರೆ ಯಾವ ವಿಧಾನವನ್ನು ಪ್ರಯತ್ನಿಸಬಹುದು?

ಉತ್ತರ

ಮುಖವನ್ನು ಸದ್ಯಕ್ಕೆ ಬದಿಗಿಟ್ಟು ಮೋನೋಟೈಪ್ ಮಾಡಿ ನೋಡಿ. ಗಾಜಿನ ಮೇಲೆ ಶಾಯಿಯನ್ನು ರೋಲರಿನಿಂದ ತೆಳುವಾಗಿ ಹರಡಿ, ಮೇಲೆ ಹಾಳೆ ಹೊದಿಸಿ, ಚಮಚದ ಬೆನ್ನಿನಿಂದ ಸಮನಾಗಿ ಉಜ್ಜಿದರೆ ಸಾಕು. ಅಪ್ಪ ತೀರಿಕೊಂಡ ವರ್ಷ ನಾನು ಅವರ ತೆಳು ಪಂಚೆಯ ಅಂಚನ್ನು ಶಾಯಿಯ ಮೇಲಿಟ್ಟು ಹೀಗೆಯೇ ಒತ್ತಿದ್ದೆ. ಮೊದಲ ಪ್ರತಿಯಲ್ಲಿ ಬಟ್ಟೆ ಇದ್ದ ಜಾಗವೆಲ್ಲ ಬಿಳಿಯಾಗಿ ಖಾಲಿ ಉಳಿಯಿತು. ಬಟ್ಟೆಯನ್ನು ಮೆಲ್ಲಗೆ ಎತ್ತಿ, ಹೊಸ ಶಾಯಿ ಹಚ್ಚದೆ ಇನ್ನೊಂದು ಹಾಳೆ ಒತ್ತಿದಾಗ, ಆ ಖಾಲಿ ಜಾಗದಲ್ಲೇ ನೇಯ್ಗೆಯ ಎಳೆಯೆಳೆಯೂ ಮೂಡಿತು. ಹೀಗೆ ಉಳಿದ ಶಾಯಿಯಿಂದ ತೆಗೆಯುವ ಪ್ರತಿಯನ್ನು ಕಲಾವಿದರು ಘೋಸ್ಟ್ ಪ್ರಿಂಟ್ ಎನ್ನುತ್ತಾರೆ. ನನ್ನ ಮಟ್ಟಿಗೆ ಅಪ್ಪನ ಯಾವ ಫೋಟೊವೂ ಆ ಎರಡು ಹಾಳೆಗಳಷ್ಟು ಹತ್ತಿರವಾಗಿಲ್ಲ.

ಉತ್ತರ

ಮೇಲಿನ ಸಲಹೆ ಒಳ್ಳೆಯದು, ಆದರೆ ಉಳಿಯನ್ನು ಕೆಳಗಿಡಬೇಡಿ ಎಂದು ಕೇಳಿಕೊಳ್ಳುತ್ತೇನೆ. ಜರ್ಮನಿಯ ಕಲಾವಿದೆ ಕೇಟೆ ಕೋಲ್ವಿಟ್ಸ್ ಅವರ ಕಿರಿಯ ಮಗ ಪೀಟರ್ 1914ರ ಅಕ್ಟೋಬರಿನಲ್ಲಿ ಬೆಲ್ಜಿಯಂನ ರಣರಂಗದಲ್ಲಿ ಮಡಿದ. ಎಚಿಂಗ್‌ನಲ್ಲಿ (ಲೋಹದ ತಗಡನ್ನು ಆಮ್ಲದಿಂದ ಕೊರೆದು ಅಚ್ಚು ತೆಗೆಯುವ ಕಲೆಯಲ್ಲಿ) ಅದಾಗಲೇ ಪಳಗಿದ್ದ ಅವರು ಆ ನೋವಿಗೆ ತಕ್ಕ ರೂಪಕ್ಕಾಗಿ ವರ್ಷಗಟ್ಟಲೆ ಹುಡುಕಾಡಿ, 1920ರಲ್ಲಿ ಶಿಲ್ಪಿ ಅರ್ನ್ಸ್ಟ್ ಬಾರ್ಲಾಖ್ ಅವರ ಮರದಚ್ಚುಗಳನ್ನು ಕಂಡ ಮೇಲೆ ತಾವೂ ಮರದ ಕೆತ್ತನೆಗೆ ತಿರುಗಿದರು. ‘ಯುದ್ಧ’ ಎಂಬ ಅವರ ಏಳು ಮರದಚ್ಚುಗಳ ಸರಣಿ ಅಲ್ಲಿಂದ ಹುಟ್ಟಿತು. ಅದರಲ್ಲಿನ ‘ತಂದೆತಾಯಿ’ಯನ್ನು ಗಮನಿಸಿ: ಅಪ್ಪ ಕೈಯಿಂದ ಮುಖ ಮುಚ್ಚಿಕೊಂಡಿದ್ದಾನೆ, ಅಮ್ಮ ಅವನ ಮೇಲೆ ಕುಸಿದಿದ್ದಾಳೆ, ಇಬ್ಬರೂ ಸೇರಿ ಒಂದೇ ಕಪ್ಪು ಬಂಡೆಯಂತೆ ಕಾಣುತ್ತಾರೆ. ಮುಖವೇ ಕಾಣದ ಆ ಚಿತ್ರದ ಮುಂದೆ ಇಂದಿಗೂ ನನ್ನ ಉಸಿರು ಬಿಗಿಯುತ್ತದೆ.

ಶಾಯಿಯೇ ಇಲ್ಲದೆಯೂ ಅಚ್ಚು ಮಾಡಬಹುದು. ಬಂಗಾಳದ ಕ್ಷಾಮ ಮತ್ತು ಹಿಂಸೆಯನ್ನು ಕಣ್ಣಾರೆ ಕಂಡ ಕಲಾವಿದ ಸೋಮನಾಥ್ ಹೋರ್ ಅವರು 1970ರ ದಶಕದಲ್ಲಿ ಬಿಳಿ ಕಾಗದದ ತಿರುಳಿನಲ್ಲೇ ಗಾಯದ ಗುರುತುಗಳನ್ನು ಮೂಡಿಸಿದರು. ನೀವು ಲಿನೋವನ್ನು ಆಳವಾಗಿ ಕೊರೆದು, ಒದ್ದೆ ಮಾಡಿದ ದಪ್ಪ ಕಾಗದವನ್ನು ಅದರ ಮೇಲಿಟ್ಟು, ಚಮಚದಿಂದ ಒತ್ತಿ ಒಣಗಲು ಬಿಟ್ಟರೆ ಉಬ್ಬುತಗ್ಗುಗಳು ಮಾತ್ರ ಉಳಿಯುತ್ತವೆ. ಆ ಹಾಳೆಯನ್ನು ಕಿಟಕಿಯ ಪಕ್ಕದ ಓರೆ ಬೆಳಕಿನಲ್ಲಿ ನೋಡಬೇಕು.

ಉತ್ತರ

ಕೆಲವು ಪ್ರಾಯೋಗಿಕ ಮಾತುಗಳು. ಲಿನೋ ಗಡುಸಾಗಿದ್ದರೆ ಸ್ವಲ್ಪ ಹೊತ್ತು ಬಿಸಿಲಿನಲ್ಲಿಡಿ, ಉಳಿ ಸಲೀಸಾಗಿ ಓಡುತ್ತದೆ. ಲಿನೋವನ್ನು ಹಿಡಿದಿರುವ ಕೈ ಯಾವಾಗಲೂ ಉಳಿಯ ಹಿಂದೆಯೇ ಇರಲಿ. ಕೈಯಿಂದ ಉಜ್ಜಿ ಶಾಯಿಯ ಪ್ರತಿ ತೆಗೆಯುವಾಗ ತೆಳುವಾದ ಕಾಗದವೇ ವಾಸಿ. ಗಾಜನ್ನೂ ರೋಲರನ್ನೂ ಅಡುಗೆ ಎಣ್ಣೆಯಿಂದ ಒರೆಸಿ, ಅನಂತರ ಪಾತ್ರೆ ಸೋಪಿನಿಂದ ತೊಳೆದರೆ ಸೀಮೆಎಣ್ಣೆಯ ವಾಸನೆಯನ್ನು ಸಹಿಸಬೇಕಾಗಿಲ್ಲ.

ಪ್ರಶ್ನೆ ಕೇಳಿದವರಿಂದ

ಮೂವರಿಗೂ ಮನಃಪೂರ್ವಕ ಧನ್ಯವಾದಗಳು. ಭಾನುವಾರ ಅಮ್ಮನ ಹಳೆಯ ವಾಯಿಲ್ ಸೀರೆಯನ್ನು ಹೊರತೆಗೆದೆ. ಕತ್ತರಿಸಲು ಮನಸ್ಸು ಬಾರದೆ, ಸೆರಗಿನ ತುದಿಯನ್ನಷ್ಟೇ ಗಾಜಿನ ಮೇಲೆ ಹರಡಿ ಒತ್ತಿದೆ. ಎರಡನೆಯ ಹಾಳೆಯಲ್ಲಿ, ಸೀರೆ ಹರಿದಿದ್ದಲ್ಲಿ ಅವರು ಕೈಯಿಂದ ಹಾಕಿದ್ದ ಹೊಲಿಗೆಯ ಸಾಲು ಮೂಡಿ ಬಂತು. ಆ ಹೊಲಿಗೆ ಅಲ್ಲಿರುವುದೇ ನನಗೆ ತಿಳಿದಿರಲಿಲ್ಲ. ಬಹಳ ಹೊತ್ತು ನೋಡುತ್ತ ಕುಳಿತಿದ್ದೆ. ಈಗ ಆ ಸೆರಗಿನ ತುದಿ ಪೂರ್ತಿ ಕಪ್ಪಾಗಿದೆ. ಬಟ್ಟೆಗೆ ಹಾನಿಯಾಗದಂತೆ ಶಾಯಿಯನ್ನು ತೆಗೆಯುವ ದಾರಿ ಇದೆಯೇ, ಅಥವಾ ನೀವು ಪಂಚೆಯನ್ನು ಹಾಗೆಯೇ ಇಟ್ಟುಕೊಂಡಿರಾ?