ಓದುಗರ ಸ್ಪಂದನ: ಪಾಠ ಬಿಡಲೇ?

ಗಾಜು ಊದುವ ಕಲಾವಿದೆಯೊಬ್ಬರು ಕಳೆದ ಸಂಚಿಕೆಯಲ್ಲಿ ಕೇಳಿದ್ದರು: ‘ವಾರವೆಲ್ಲ ಬೇರೆಯವರಿಗೆ ಕಲಿಸಿ, ನನ್ನ ಕೆಲಸಕ್ಕೆಂದು ಕುಲುಮೆ ಮುಂದೆ ನಿಲ್ಲುವಷ್ಟರಲ್ಲಿ ತ್ರಾಣವೇ ಇರುವುದಿಲ್ಲ. ಪಾಠ ಬಿಟ್ಟುಬಿಡಲೇ?’ ಬಿಡಿ ಎಂದವರೇ ಜಾಸ್ತಿ. ಜಾಗ ಕಡಿಮೆ, ಹಾಗಾಗಿ ಕಾರಣ ಕೊಟ್ಟವರ ಪತ್ರಗಳನ್ನಷ್ಟೇ ಆರಿಸಿದ್ದೇವೆ.

ನಾನು ಪಾಠ ಬಿಡಲಿಲ್ಲ ಮೇಡಂ, ಬಿಡಿಸಿದರು. ಕುಲುಮೆಯನ್ನು ಸುಮ್ನೆ ಬೇಕೆಂದಾಗ ಆರಿಸುವ ಹಾಗಿಲ್ಲ, ಹಗಲು ರಾತ್ರಿ 1,100 ಡಿಗ್ರಿ ಆಸುಪಾಸಿನಲ್ಲಿ ಉರಿಯುತ್ತಿರಬೇಕು. ಆ ಖರ್ಚು ನೋಡಿ ಸಂಸ್ಥೆಯವರು ವಿಭಾಗವನ್ನೇ ಮುಚ್ಚಿದರು. ಇನ್ನು ಸ್ವಂತ ಕೆಲಸಕ್ಕೆ ಬೇಕಾದಷ್ಟು ಟೈಮು ಅಂತ ಎಲ್ಲರೂ ಸಮಾಧಾನ ಹೇಳಿದರು. ಟೈಮೇನೋ ಸಿಕ್ಕಿತು, ಜೊತೆಗೆ ನಿಲ್ಲುವವರು ಸಿಗಲಿಲ್ಲ. ದೊಡ್ಡ ಹೂಜಿ ಊದಿದ ಮೇಲೆ ತಳಕ್ಕೆ ಇನ್ನೊಂದು ಸರಳು ಅಂಟಿಸಿ, ಊದುಕೊಳವೆಯಿಂದ ಬಿಡಿಸಿಕೊಳ್ಳಬೇಕು. ಸರಳಿನ ತುದಿಯ ಗಾಜು ತೀರಾ ಬಿಸಿಯಿದ್ದರೆ ಆಮೇಲೆ ಬಿಟ್ಟುಕೊಡುವುದೇ ಇಲ್ಲ, ಆರಿದ್ದರೆ ಹೂಜಿ ನೆಲಕ್ಕೆ. ಅಷ್ಟೂ ಹೊತ್ತು ನಾನು ಕೊಳವೆ ತಿರುಗಿಸುತ್ತಲೇ ಇರಬೇಕು, ಇಲ್ಲದಿದ್ದರೆ ಗಾಜು ಜೋಲುತ್ತದೆ. ಹದ ನೋಡಿ ಸರಳು ತಂದುಕೊಡುತ್ತಿದ್ದವರು ನನ್ನ ಹುಡುಗರು. ಕೂಲಿಗೆ ಕರೆದವರಿಗೆ ಆ ಹದ ಹೇಳಿಕೊಡಬೇಕು. ಅದೂ ಪಾಠವೇ ಅಲ್ವಾ? ಈಗ ಒಬ್ಬಳೇ ಮಾಡಬಹುದಾದ ಮಣಿ, ಪುಟ್ಟ ಸೀಸೆ ಮಾಡುತ್ತೇನೆ. ಚೆನ್ನಾಗಿಯೇ ಹೋಗುತ್ತವೆ. ಯಾರಾದರೂ ಹೂಜಿಯ ಮಾತು ಎತ್ತಿದರೆ ಮಾತ್ರ ಎದ್ದು ಹೋಗುತ್ತೇನೆ.
– ಮಾಜಿ ಶಿಕ್ಷಕಿ

ಉದ್ದದ ಪತ್ರಗಳಿಗೆ ಸಾಮಾನ್ಯವಾಗಿ ಕತ್ತರಿ ಹಾಕುತ್ತೇವೆ. ಇದಕ್ಕೆ ಹಾಕಲಿಲ್ಲ. ಮುಂದಿನದೂ ಪೂರ್ತಿ ಪತ್ರವೇ.

ಇದನ್ನು ನಿಮ್ಮ ವಿದ್ಯಾರ್ಥಿಗಳೂ ಓದುತ್ತಾರೆ.
– ಒಬ್ಬ ವಿದ್ಯಾರ್ಥಿ

ತ್ರಾಣ ಇಲ್ಲ ಅಂದಿರಿ. ಪಾಠವೇ ಕಾರಣ ಅಂತ ಯಾರು ಹೇಳಿದ್ದು? ಕೆಲಸದ ಜಾಗದಲ್ಲಿ ಗಾಳಿ ಆಡುತ್ತದೆಯಾ? ಗಾಜಿನ ಪುಡಿ ಬೆರೆಸುವಾಗ ಮಾಸ್ಕ್ ಹಾಕುತ್ತೀರಾ? ಪೊರಕೆ ಹಿಡಿದು ಧೂಳೆಬ್ಬಿಸಬೇಡಿ, ಒದ್ದೆ ಬಟ್ಟೆಯಲ್ಲಿ ಒರೆಸಿ. ಸಿಲಿಕಾ ಧೂಳು ಶ್ವಾಸಕೋಶಕ್ಕೆ ಮಾಡಿದ ಗಾಯ ಮಾಯುವುದಿಲ್ಲ. ಮೊದಲು ಡಾಕ್ಟರಿಗೆ ತೋರಿಸಿ.
– ಹಿತೈಷಿ

ಕೇಳಿದ್ದು ಇದಲ್ಲ, ಆದರೂ ಕೆಲಸಕ್ಕೆ ಬರುವ ಮಾತು.

ಕಲಿಸುವುದಕ್ಕೂ ಊದುವುದಕ್ಕೂ ಯಾಕೆ ಜಗಳ ಹಚ್ಚುತ್ತೀರಿ? 1962ರಲ್ಲಿ ಅಮೆರಿಕದ ಟೊಲಿಡೊದಲ್ಲಿ ಪುಟ್ಟ ಕುಲುಮೆ ಹೂಡಿ, ಕಾರ್ಖಾನೆಯ ಹಂಗಿಲ್ಲದೆ ಕಲಾವಿದರೇ ಗಾಜು ಊದಬಹುದು ಅಂತ ತೋರಿಸಿದ ಹಾರ್ವಿ ಲಿಟಲ್‌ಟನ್ ಮೇಷ್ಟ್ರೇ. ಅವರ ಶಿಷ್ಯ ಡೇಲ್ ಚಿಹೂಲಿಯೂ ಕಲಿಸಿದವರು. 1979ರಲ್ಲಿ ಭುಜಕ್ಕೆ ಪೆಟ್ಟಾದ ಮೇಲೆ ಕೊಳವೆಯನ್ನು ಬೇರೆಯವರ ಕೈಗೆ ಕೊಟ್ಟು, ತಾವು ಚಿತ್ರ ಬರೆದು, ಹೇಳಿ ಮಾಡಿಸಿದರು. ಕಲಿಸಿ ಗೊತ್ತಿಲ್ಲದವರಿಗೆ ಹಾಗೆ ಮಾಡಿಸುವುದು ಸುಲಭವಲ್ಲ. ಒಂದು ತಿಂಗಳು ತರಗತಿಗೆ ರಜೆ ಕೊಡಿ. ಚುರುಕಾದ ಇಬ್ಬರು ಹುಡುಗರನ್ನು ಮಾತ್ರ ಉಳಿಸಿಕೊಂಡು ನಿಮ್ಮ ಕೆಲಸ ಮಾಡಿ.
– ಗಾಜಿನ ಅಭಿಮಾನಿ

ಪಾಠ ಬಿಟ್ಟು ನೆಮ್ಮದಿಯಾಗಿದ್ದೇನೆ ಎನ್ನುವವರೂ ಬರೆಯಿರಿ, ಖಂಡಿತ ಪ್ರಕಟಿಸುತ್ತೇವೆ. ಸದ್ಯಕ್ಕೆ ಅಂಥ ಪತ್ರ ಒಂದೂ ಬಂದಿಲ್ಲ.
– ಸಂ.